ಭೂಗೋಳ ಓದುವವರಿಗೆ ದಾರಿ ಎಲ್ಲಿಂದ?

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ವಾರ ಜಯನಗರ, ಬನಶಂಕರಿಗಳ ಮನೆಗಳಲ್ಲಿ ನಡೆಯುವ ಚರ್ಚೆಗೆ ಒಂದು ನಿಶ್ಚಿತವಾದ ಕ್ರಮವುಂಟು. ಅಂಕಪಟ್ಟಿಯನ್ನು ದೇವರ ಮುಂದಿಟ್ಟು ತೆಗೆದ ಮೇಲೆ ಮೊದಲು ವಿಜ್ಞಾನದ ಮಾತು. ವಿಜ್ಞಾನದಲ್ಲಿ ಗಣಕವೋ ಜೀವಶಾಸ್ತ್ರವೋ ಎಂಬ ವಿವಾದ. ಅದು ಬಗೆಹರಿಯದಿದ್ದರೆ ವಾಣಿಜ್ಯ. ಕಲಾ ವಿಭಾಗದ ಹೆಸರು ಬರುವುದು ಅಂಕಗಳು ಕೈಕೊಟ್ಟಾಗ ಮಾತ್ರ, ಅದೂ ತಗ್ಗಿದ ಧ್ವನಿಯಲ್ಲಿ. ಇಂಥ ಮನೆಯೊಂದರಲ್ಲಿ, ನೂರಕ್ಕೆ ತೊಂಬತ್ತಕ್ಕೂ ಮಿಗಿಲಾಗಿ ಅಂಕ ಪಡೆದ ಹುಡುಗಿಯೊಬ್ಬಳು ತಾನು ಭೂಗೋಳಶಾಸ್ತ್ರ ಓದುವೆನೆಂದರೆ ಆಗುವ ಗಲಿಬಿಲಿಯನ್ನು ವಾಚಕರು ಸುಲಭವಾಗಿ ಊಹಿಸಿಕೊಳ್ಳಬಹುದು.

"ಅಪ್ಪ, ನನಗೆ ಭೂಗೋಳ ಓದಬೇಕು ಅಂತ ಇದೆ."

"ಓದಮ್ಮ, ಯಾರು ಬೇಡ ಅಂದರು? ಕಾಲೇಜಿನಿಂದ ಬಂದಮೇಲೆ ಸಾಯಂಕಾಲ ಓದು."

"ಹಾಗಲ್ಲಪ್ಪ. ಅದನ್ನೇ ಓದಬೇಕು."

ಇಷ್ಟರಲ್ಲಿ ಅಡಿಗೆಯ ಮನೆಯಿಂದ ತಾಯಿಯ ಪ್ರಶ್ನೆ ಬರುತ್ತದೆ: "ನಕ್ಷೆ ಬರೆದರೆ ಯಾರು ಸಂಬಳ ಕೊಡುತ್ತಾರೆ, ಪುಟ್ಟಿ?"

ತಾಯಿಯ ಪ್ರಶ್ನೆ ಅನ್ಯಾಯದ್ದಲ್ಲ. ಅದಕ್ಕೆ ಉತ್ತರವೂ ಉಂಟು. ಆದರೆ ಸಂಬಳದ ವಿಚಾರವನ್ನೇ ಎರಡು ವಾರ ಚರ್ಚಿಸುತ್ತ ಕುಳಿತವರು ಅದಕ್ಕಿಂತ ಮುಂಚಿನ ಇನ್ನೊಂದು ಪ್ರಶ್ನೆಯನ್ನು ಮರೆಯುತ್ತಾರೆ. ಇಂದು ಕಾಲೇಜಿನ ಅರ್ಜಿಯಲ್ಲಿ ಯಾವ ಚೌಕದಲ್ಲಿ ಗುರುತು ಹಾಕಿದರೆ ಐದು ವರ್ಷಗಳ ಅನಂತರ ವಿಶ್ವವಿದ್ಯಾಲಯದ ಭೂಗೋಳ ವಿಭಾಗದ ಬಾಗಿಲು ತೆರೆದಿರುತ್ತದೆ, ಯಾವುದರಲ್ಲಿ ಹಾಕಿದರೆ ಮುಚ್ಚಿರುತ್ತದೆ ಎಂಬುದೇ ಆ ಪ್ರಶ್ನೆ. ಭೂಗೋಳವನ್ನು ಬಯಸಿ ಭೂಗೋಳವನ್ನು ಸೇರಲಾರದೆ ಹೋದವರಲ್ಲಿ ಅನೇಕರು ದಾರಿ ತಪ್ಪಿದ್ದು ಬುದ್ಧಿಯ ಕೊರತೆಯಿಂದಲ್ಲ, ವಿಷಯಗಳ ಜೋಡಣೆಯಿಂದ.

ಶಾಲೆಯಲ್ಲಿ ಭೂಗೋಳಕ್ಕೆ ಸ್ವಂತ ಮನೆಯಿಲ್ಲ. ಎಸ್.ಎಸ್.ಎಲ್.ಸಿ.ಯ ಸಮಾಜವಿಜ್ಞಾನವೆಂಬ ಒಂದೇ ಛಾವಣಿಯ ಕೆಳಗೆ ಅದು ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನಗಳೊಡನೆ ಬಾಡಿಗೆಗೆ ಇರುತ್ತದೆ. ಬೇರೆ ಮನೆ ಹೂಡುವುದು ಪದವಿಪೂರ್ವ ತರಗತಿಯಲ್ಲಿ. ಅಲ್ಲಿ ಎರಡು ಭಾಷೆಗಳ ಜೊತೆಗೆ ನಾಲ್ಕು ಐಚ್ಛಿಕ ವಿಷಯಗಳ ಗುಂಪನ್ನು ಆರಿಸಬೇಕು. ಈ ಗುಂಪುಗಳನ್ನು ಕಾಲೇಜುಗಳು ಇಂಗ್ಲಿಷ್ ಮೊದಲಕ್ಷರಗಳಿಂದ ಕರೆಯುತ್ತವೆ. ಕೇಳಿದವರಿಗೆ ಔಷಧದ ಅಂಗಡಿಯ ಚೀಟಿಯಂತೆ ತೋರುತ್ತದೆ. ಕಲಾ ವಿಭಾಗದಲ್ಲಿ ಸಾಮಾನ್ಯವಾಗಿ ಸಿಕ್ಕುವುದು ಎಚ್.ಇ.ಪಿ.ಎಸ್., ಎಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಭೂಗೋಳ ಬೇಕೆನ್ನುವವರು ಈ ನಾಲ್ಕರಲ್ಲಿ ಒಂದರ ಸ್ಥಾನದಲ್ಲಿ ಭೂಗೋಳವಿರುವ ಗುಂಪನ್ನು ಹುಡುಕಿಕೊಂಡು ಹೋಗಬೇಕು.

ಹುಡುಕಬೇಕಾಗಿ ಬರುವುದಕ್ಕೆ ಒಂದು ಕಾರಣವುಂಟು. ಪದವಿಪೂರ್ವ ಭೂಗೋಳದಲ್ಲಿ 70 ಅಂಕಗಳು ಲಿಖಿತ ಪರೀಕ್ಷೆಗೆ, 30 ಪ್ರಾಯೋಗಿಕಕ್ಕೆ. ಅಳತೆಗೋಲು, ನಕ್ಷೆ, ಸಮೋನ್ನತಿ ರೇಖೆ, ಹವಾಮಾನದ ಉಪಕರಣ ಇವೆಲ್ಲ ಇರುವ ಕೊಠಡಿಯೊಂದು ಬೇಕು, ಅದನ್ನು ನಡೆಸಬಲ್ಲ ಉಪನ್ಯಾಸಕರು ಬೇಕು. ಕಲಾ ವಿಭಾಗವೆಂದರೆ ಕಪ್ಪುಹಲಗೆ ಮತ್ತು ಬೆಂಚುಗಳಿಷ್ಟೆ ಎಂದು ಭಾವಿಸುವ ಆಡಳಿತ ಮಂಡಳಿಗಳಿಗೆ ಇದು ಹೆಚ್ಚಿನ ಖರ್ಚು. ಆದ್ದರಿಂದ ವಿವರಣಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ತೃಪ್ತರಾಗದೆ, ಈ ವರ್ಷ ಈ ಗುಂಪು ನಡೆಯುತ್ತದೆಯೇ, ಕಳೆದ ವರ್ಷ ಎಷ್ಟು ಮಕ್ಕಳಿದ್ದರು, ಪ್ರಾಯೋಗಿಕ ಕೊಠಡಿ ಎಲ್ಲಿದೆ ಎಂದು ತಾಯಿತಂದೆಗಳು ಖುದ್ದಾಗಿ ಕೇಳುವುದು ಮರ್ಯಾದೆಗೆ ಕುಂದಲ್ಲ. ಕೊಠಡಿಯನ್ನು ತೋರಿಸಲು ಹಿಂದೆಮುಂದೆ ನೋಡುವ ಕಾಲೇಜಿನಲ್ಲಿ ಭೂಗೋಳ ಅಷ್ಟಕ್ಕಷ್ಟೆ ಎಂದು ತಿಳಿಯಬೇಕು.

ಪದವಿಪೂರ್ವದಲ್ಲಿ ವಿಜ್ಞಾನ ಓದಿದವರಿಗೂ ದಾರಿ ಮುಚ್ಚಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ವಿಜ್ಞಾನದ ವಿದ್ಯಾರ್ಥಿಯು ಕಲಾ ಪದವಿಗೆ ಸೇರಬಹುದು, ಆದರೆ ಪಿ.ಯು.ಸಿ.ಯಲ್ಲಿ ಭೂಗೋಳ ಓದದವರನ್ನು ಪದವಿಯ ಭೂಗೋಳಕ್ಕೆ ಸೇರಿಸಿಕೊಳ್ಳುವರೇ ಎಂಬುದನ್ನು ಆಯಾ ಕಾಲೇಜಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಬೇಕು. ಭೌತಶಾಸ್ತ್ರ, ಗಣಿತಗಳ ಅಡಿಪಾಯವಿದ್ದವರಿಗೆ ಹವಾಗುಣಶಾಸ್ತ್ರವೂ ದೂರಸಂವೇದನೆಯೂ ಬೇಗ ಹಿಡಿಸುತ್ತವೆ. ತಂದೆಗೂ ಮಗಳಿಗೂ ರಾಜಿಯಾಗಲೇಬೇಕಾದ ಮನೆಗಳಲ್ಲಿ ಇದೊಂದು ಮಧ್ಯಮಾರ್ಗ.

ನಿಜವಾದ ಕವಲು ಇರುವುದು ಪದವಿಯಲ್ಲಿ. ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಭೂಗೋಳಕ್ಕೆ ಸಾಮಾನ್ಯವಾಗಿ ಕೇಳುವ ಅರ್ಹತೆಯೆಂದರೆ ಪದವಿಯಲ್ಲಿ ಭೂಗೋಳವನ್ನು ಐಚ್ಛಿಕ ವಿಷಯವಾಗಿ ಓದಿರಬೇಕೆಂಬುದು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳಲ್ಲಿ ಪ್ರಥಮ ದರ್ಜೆಯ ಬಿ.ಎ. ಪಡೆದವನು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಾಗಲಿ, ಮೈಸೂರಿನ ಮಾನಸಗಂಗೋತ್ರಿಯಲ್ಲಾಗಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಾಗಲಿ ಭೂಗೋಳ ವಿಭಾಗದ ಮೆಟ್ಟಿಲೇರಿದರೆ ಮೊದಲು ಎದುರಾಗುವ ಪ್ರಶ್ನೆ ಇದೇ. ಮೂರು ವರ್ಷ ಮನೆಯ ಹತ್ತಿರದ ಕಾಲೇಜು ಅನುಕೂಲವೆಂದು ಭೂಗೋಳವಿಲ್ಲದ ಗುಂಪಿಗೆ ಸೇರಿ, "ಎಂ.ಎ.ಯಲ್ಲಿ ನೋಡಿಕೊಂಡರಾಯಿತು" ಎನ್ನುವವರು ಆ ಹೊತ್ತಿಗೆ ನೋಡಿಕೊಳ್ಳಲು ಏನೂ ಉಳಿದಿರುವುದಿಲ್ಲವೆಂಬುದನ್ನು ತಡವಾಗಿ ಅರಿಯುತ್ತಾರೆ. ಜಯನಗರದಿಂದ ಎರಡು ಬಸ್ಸು ಬದಲಾಯಿಸುವ ಕಾಲೇಜಾದರೂ ಚಿಂತೆಯಿಲ್ಲ, ಭೂಗೋಳ ಇರುವುದೇ ಮುಖ್ಯ.

ಅದರ ಜೊತೆಗೆ ಓದುವ ವಿಷಯಗಳ ಆಯ್ಕೆಯಲ್ಲಿ ಬಹುಮಂದಿ ಸುಲಭವಾಗಿ ಉತ್ತೀರ್ಣವಾಗುವ ವಿಷಯವನ್ನು ನೋಡುತ್ತಾರೆ. ಇದು ಜಾಣತನವಲ್ಲ. ಇಂದಿನ ಭೂಗೋಳಶಾಸ್ತ್ರಜ್ಞನು ರಾಜಧಾನಿಗಳ ಹೆಸರುಗಳನ್ನು ಬಾಯಿಪಾಠ ಮಾಡಿದವನಲ್ಲ. ಉಪಗ್ರಹ ಕಳುಹಿಸಿದ ಚಿತ್ರವನ್ನು ಗಣಕಯಂತ್ರದಲ್ಲಿ ಓದುವವನು, ಮಳೆಯ ಅಂಕಿ ಅಂಶಗಳಿಂದ ಸರಾಸರಿಯನ್ನೂ ವ್ಯತ್ಯಾಸವನ್ನೂ ತೆಗೆಯುವವನು. ಸಂಖ್ಯಾಶಾಸ್ತ್ರವೋ ಗಣಕವಿಜ್ಞಾನವೋ ಭೂಗೋಳದೊಡನೆ ಸಿಕ್ಕಿದರೆ ಅದು ಭಾಗ್ಯ, ಸಿಕ್ಕದಿದ್ದರೆ ಅರ್ಥಶಾಸ್ತ್ರ. ಅದೂ ಇಲ್ಲದೆಡೆ, ಡೆಹರಾಡೂನಿನ ಭಾರತೀಯ ದೂರಸಂವೇದನಾ ಸಂಸ್ಥೆಯು ಅಂತರಜಾಲದ ಮೂಲಕ ನಡೆಸುವ ಉಚಿತ ಪಾಠಕ್ರಮಗಳನ್ನು ರಜೆಯಲ್ಲಿ ಮುಗಿಸಬಹುದು. ಇಸ್ರೋ ಸಂಸ್ಥೆಯ ಅಂಗವಾದ ಇದರ ಪ್ರಮಾಣಪತ್ರಕ್ಕೆ ಬೆಲೆಯುಂಟು.

ಪದವಿಯ ಸ್ವರೂಪವೇ ಈ ಕೆಲವು ವರ್ಷಗಳಲ್ಲಿ ಎರಡು ಸಲ ಬದಲಾಯಿಸಿದೆ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021ರಲ್ಲಿ ಕರ್ನಾಟಕದಲ್ಲಿ ನಾಲ್ಕು ವರ್ಷದ ಆನರ್ಸ್ ಪದ್ಧತಿ ಬಂದಿತು. 2024ರಲ್ಲಿ ರಾಜ್ಯ ಸರಕಾರವು ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಅಣ್ಣ ಓದಿದ ಕ್ರಮ ತಂಗಿಗೆ ಇಲ್ಲ, ತಂಗಿಯ ಕ್ರಮ ಅತ್ತಿಗೆಗೆ ತಿಳಿಯದು. ನೆರೆಮನೆಯ ಹುಡುಗನ ಅನುಭವವನ್ನು ಪ್ರಮಾಣವೆಂದು ಹಿಡಿಯದೆ, ತಾನು ಸೇರುವ ವರ್ಷದ ಸುತ್ತೋಲೆಯನ್ನು ಓದಿಕೊಳ್ಳಬೇಕಾದ ಕಾಲ ಇದು.

ಮಧ್ಯದಲ್ಲಿ ಕಾಲೇಜು ಬದಲಾಯಿಸಿಕೊಂಡರಾಗದೇ ಎಂದು ಕೇಳುವವರೂ ಉಂಟು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2021ರಲ್ಲಿ ಕ್ರೆಡಿಟ್ ಬ್ಯಾಂಕೊಂದನ್ನು ಸ್ಥಾಪಿಸಿತು. ಒಂದು ಕಡೆ ಓದಿ ಗಳಿಸಿದ ಕ್ರೆಡಿಟ್ಟುಗಳನ್ನು ಅಲ್ಲಿ ಠೇವಣಿಯಿಟ್ಟು, ಏಳು ವರ್ಷಗಳವರೆಗೆ ಇನ್ನೊಂದು ಕಡೆ ಬಳಸಿಕೊಳ್ಳಬಹುದೆಂಬುದು ಯೋಜನೆ. ಉದ್ದೇಶ ಒಳ್ಳೆಯದೇ. ಆದರೆ ಬ್ಯಾಂಕಿನಲ್ಲಿ ಹಣವಿದ್ದ ಮಾತ್ರಕ್ಕೆ ರೈಲಿನಲ್ಲಿ ಆಸನ ದೊರೆಯುವುದಿಲ್ಲವಷ್ಟೆ. ಸೇರಿಕೊಳ್ಳುವ ಕಾಲೇಜಿನಲ್ಲಿ ಸ್ಥಳವಿರಬೇಕು, ಅದೇ ವಿಷಯಗಳ ಗುಂಪಿರಬೇಕು, ಬಿಡುವ ಕಾಲೇಜೂ ವಿಶ್ವವಿದ್ಯಾಲಯವೂ ಒಪ್ಪಬೇಕು. ಭೂಗೋಳವಿಲ್ಲದ ಗುಂಪಿನಿಂದ ಭೂಗೋಳವಿರುವ ಗುಂಪಿಗೆ ಎರಡನೆಯ ವರ್ಷದಲ್ಲಿ ಜಿಗಿಯುವುದು ಕಾಗದದ ಮೇಲೆ ಎಷ್ಟು ಸುಲಭವೋ ಗುಮಾಸ್ತೆಯ ಮೇಜಿನ ಮುಂದೆ ಅಷ್ಟು ಸುಲಭವಲ್ಲ.

ಇಂಥ ಮಾತುಕತೆಯ ನಡುವೆ ಅಮೆರಿಕದ ಚಿಕ್ಕಪ್ಪನ ಪ್ರವೇಶವಾಗದಿದ್ದರೆ ಅದು ದಕ್ಷಿಣ ಬೆಂಗಳೂರಿನ ಮನೆಯೇ ಅಲ್ಲ. ಕ್ಯಾಲಿಫೋರ್ನಿಯಾದ ಕೂಪರ್ಟಿನೋ, ಸನ್ನಿವೇಲುಗಳಲ್ಲಿ ನೆಲಸಿರುವ ಕನ್ನಡ ಸಂಸಾರಗಳು ಬಹಳ. ಅಲ್ಲಿನವರು ದೂರವಾಣಿಯಲ್ಲಿ ಹೇಳುವುದುಂಟು: "ಇಲ್ಲಿಗೆ ಕಳಿಸಿಬಿಡಿ ಅಣ್ಣ. ಎರಡು ವರ್ಷ ಕಮ್ಯೂನಿಟಿ ಕಾಲೇಜು, ಆಮೇಲೆ ಯೂನಿವರ್ಸಿಟಿ. ಖರ್ಚೂ ಕಡಮೆ." ಈ ಮಾತಿನಲ್ಲಿ ಅರ್ಧ ನಿಜ. ಯಾವ ಅರ್ಧವೆಂಬುದನ್ನು ನೋಡಬೇಕು.

ಕಮ್ಯೂನಿಟಿ ಕಾಲೇಜೆಂದರೆ ಊರಿನ ಎಲ್ಲರಿಗೂ ತೆರೆದಿರುವ ಎರಡು ವರ್ಷದ ಸರಕಾರಿ ಕಾಲೇಜು. ಕೂಪರ್ಟಿನೋದಲ್ಲಿ 1967ರಲ್ಲಿ ಆರಂಭವಾದ ಡಿ ಆಂಜಾ ಕಾಲೇಜು ಇವುಗಳಲ್ಲಿ ಹೆಸರಾಂತದ್ದು. ಇಲ್ಲಿ 60 ಸೆಮಿಸ್ಟರ್ ಯೂನಿಟ್ಟುಗಳನ್ನು, ವರ್ಷವನ್ನು ಕ್ವಾರ್ಟರುಗಳಾಗಿ ವಿಂಗಡಿಸುವ ಕಾಲೇಜಾದರೆ 90 ಯೂನಿಟ್ಟುಗಳನ್ನು, ಮುಗಿಸಿದವರು ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಭೂಗೋಳವನ್ನು ಮುಖ್ಯ ವಿಷಯವನ್ನಾಗಿ ಬಯಸುವವರು ಮೊದಲ ಎರಡು ವರ್ಷಗಳಲ್ಲಿ ಪ್ರಾಕೃತಿಕ ಭೂಗೋಳ, ಮಾನವ ಭೂಗೋಳ, ಗಣಿತ ಅಥವಾ ಸಂಖ್ಯಾಶಾಸ್ತ್ರ ಇವುಗಳನ್ನೂ ಸಾಮಾನ್ಯ ಶಿಕ್ಷಣದ ವಿಷಯಗಳನ್ನೂ ಓದಿರಬೇಕೆಂದು ಕೇಳುವುದು ವಾಡಿಕೆ.

ಆ ನಾಡಿನ ವ್ಯವಸ್ಥೆಯಲ್ಲಿ ಮೆಚ್ಚಬೇಕಾದುದು ಒಂದುಂಟು. ಯಾವ ಕಮ್ಯೂನಿಟಿ ಕಾಲೇಜಿನ ಯಾವ ಪಾಠವು ಯಾವ ವಿಶ್ವವಿದ್ಯಾಲಯದ ಯಾವ ಪಾಠಕ್ಕೆ ಸಮವೆಂಬ ಪಟ್ಟಿಯನ್ನು 'ಅಸಿಸ್ಟ್' ಎಂಬ ಸಾರ್ವಜನಿಕ ಕೋಶದಲ್ಲಿ ಪ್ರಕಟಿಸಿದ್ದಾರೆ. ಮೊದಲ ದಿನವೇ ಅದನ್ನು ತೆಗೆದುನೋಡಿ ಎರಡು ವರ್ಷದ ವೇಳಾಪಟ್ಟಿಯನ್ನು ಹಾಕಿಕೊಳ್ಳಬಹುದು. ಯಾರ ಕೃಪೆಯೂ ಬೇಕಾಗಿಲ್ಲ. ಇದರ ಮೇಲೆ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆರು ಆವರಣಗಳು, ನಿಗದಿಯಾದ ಅಂಕ ಮತ್ತು ಪಾಠಗಳನ್ನು ಮುಗಿಸಿದವರಿಗೆ ಪ್ರವೇಶದ ಭರವಸೆಯನ್ನೇ ಮುಂಗಡವಾಗಿ ಕೊಡುತ್ತವೆ. ಒಬ್ಬ ವಿದ್ಯಾರ್ಥಿ ಒಂದು ಆವರಣಕ್ಕೆ ಮಾತ್ರ ಇಂಥ ಭರವಸೆ ಕೇಳಬಹುದು. ಅರ್ಜಿ ಸಲ್ಲಿಸುವ ತಿಂಗಳು ಸೆಪ್ಟೆಂಬರು. ಆದರೆ ಬರ್ಕ್ಲಿ, ಲಾಸ್ ಏಂಜಲೀಸ್ ಎರಡೂ ಈ ಆರರಲ್ಲಿ ಸೇರಿಲ್ಲ. ಸೇರಿರುವುದರಲ್ಲಿ ಭೂಗೋಳಕ್ಕೆ ಪ್ರಸಿದ್ಧವಾದುದು ಸಾಂತಾ ಬಾರ್ಬರಾ. ಹತ್ತಿರವಿರುವ ವಸ್ತುಗಳಿಗೆ ಪರಸ್ಪರ ಸಂಬಂಧ ಹೆಚ್ಚೆಂಬ, ಭೂಗೋಳದ ಮೊದಲ ನಿಯಮವೆಂದು ಹೆಸರಾದ ಸೂತ್ರವನ್ನು 1970ರಲ್ಲಿ ಪ್ರಕಟಿಸಿದ ವಾಲ್ಡೊ ಟೋಬ್ಲರ್ ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾಗಿದ್ದರು. ಬಂಧುಬಳಗದ ವಿಷಯದಲ್ಲಿ ಈ ನಿಯಮ ನಡೆಯುವುದಿಲ್ಲವೆಂಬುದು ಬೇರೆ ಮಾತು.

ಇನ್ನು ಖರ್ಚು. ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜುಗಳಲ್ಲಿ ಒಂದು ಸೆಮಿಸ್ಟರ್ ಯೂನಿಟ್ಟಿಗೆ 46 ಡಾಲರು ಶುಲ್ಕ; 2012ರಿಂದ ಇದೇ ದರ. ಅರವತ್ತು ಯೂನಿಟ್ಟುಗಳಿಗೆ 2,760 ಡಾಲರು. ಚಿಕ್ಕಪ್ಪನ ಮನಸ್ಸಿನಲ್ಲಿರುವ ಲೆಕ್ಕ ಇದೇ, ಏಕೆಂದರೆ ಆತನ ಮಗ ಕೊಟ್ಟದ್ದು ಇಷ್ಟನ್ನೇ. ಆದರೆ ಇದು ಆ ರಾಜ್ಯದ ನಿವಾಸಿಗಳ ದರ. ಬೆಂಗಳೂರಿನಿಂದ ವಿದ್ಯಾರ್ಥಿ ವೀಸಾದ ಮೇಲೆ ಹೋದ ಹುಡುಗಿ ಅನಿವಾಸಿಯೆಂದೇ ಗಣ್ಯಳಾಗಿ ಅದರ ಹಲವು ಪಾಲು ಕೊಡಬೇಕು. ಚಿಕ್ಕಪ್ಪನ ಮನೆಯಲ್ಲಿ ಊಟ ಮಾಡಿದರೂ ಈ ದರ ತಗ್ಗದು. ಅನಂತರದ ಎರಡು ವರ್ಷ ವಿಶ್ವವಿದ್ಯಾಲಯದಲ್ಲಿಯೂ ಅನಿವಾಸಿಯ ಹೆಚ್ಚುವರಿ ಶುಲ್ಕ ತಪ್ಪಿದ್ದಲ್ಲ. ಅಲ್ಲಿಯೇ ಹುಟ್ಟಿ ಬೆಳೆದ ಕನ್ನಡ ಮಕ್ಕಳಿಗೆ ಇದು ಉತ್ತಮವಾದ ದಾರಿ. ಬನಶಂಕರಿಯಲ್ಲಿ ಮನೆಸಾಲದ ಕಂತು ಕಟ್ಟುತ್ತಿರುವ ತಂದೆಗೆ ಅದೇ ದಾರಿ ಅಷ್ಟೇ ಉತ್ತಮವೆನ್ನಲಾಗದು. ಜ್ಞಾನಭಾರತಿಯಲ್ಲಿ ಎಂ.ಎಸ್‌ಸಿ. ಮುಗಿಸಿ ಅನಂತರ ಸಂಶೋಧನೆಗೆಂದು ವಿದ್ಯಾರ್ಥಿವೇತನದ ಮೇಲೆ ಹೊರಡುವುದು ವಿವೇಕದ ಕ್ರಮವೆಂದು ತೋರುತ್ತದೆ.

ಈಗ ತಾಯಿಯ ಪ್ರಶ್ನೆಗೆ ಬರಬಹುದು. ನಕ್ಷೆಗೆ ಸಂಬಳ ಕೊಡುವವರು ದೂರದಲ್ಲಿಲ್ಲ. ಬಿ.ಟಿ.ಎಂ. ಬಡಾವಣೆಯ ಪಕ್ಕದ ಕೋರಮಂಗಲದಲ್ಲಿಯೇ ಸರ್ವೆ ಆಫ್ ಇಂಡಿಯಾದ ಕಚೇರಿಯಿದೆ. 1767ರಲ್ಲಿ ಹುಟ್ಟಿದ ಈ ಇಲಾಖೆಗೆ ಬೆಂಗಳೂರಿನ ನಂಟು ಹಳೆಯದು: ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಲ್ಲಿ 1802ರ ಪ್ರಸಿದ್ಧ ಆಧಾರರೇಖೆಯನ್ನು ಅಳೆಯುವ ಮುನ್ನ, 1800ರಲ್ಲಿ, ಬೆಂಗಳೂರಿನ ಹತ್ತಿರ ಏಳು ಮೈಲಿಗೂ ಮಿಗಿಲಾದ ರೇಖೆಯೊಂದನ್ನು ಅಳೆದಿದ್ದನು. ಯಲಹಂಕದ ಕಡೆ ರಾಜ್ಯದ ದೂರಸಂವೇದನಾ ಅನ್ವಯ ಕೇಂದ್ರವೂ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಇವೆ. ಹಳ್ಳಿಗಳಲ್ಲಿ ಎಷ್ಟು ಮಿಲಿಮೀಟರು ಮಳೆ ಬಿದ್ದಿತೆಂದು ಎರಡನೆಯದು ದಿನದಿನವೂ ಲೆಕ್ಕವಿಡುತ್ತದೆ. ಭಾರತ ಸರಕಾರವು 2021ರಲ್ಲಿ ನಕ್ಷೆ ತಯಾರಿಕೆಯ ನಿರ್ಬಂಧಗಳನ್ನು ಸಡಿಲಿಸಿದ ಮೇಲೆ ಖಾಸಗಿ ಸಂಸ್ಥೆಗಳಿಗೂ ಈ ಕೆಲಸ ತೆರೆದಿದೆ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರನ್ನು ಐದು ನಗರಪಾಲಿಕೆಗಳಾಗಿ ವಿಂಗಡಿಸಿದಾಗ, ಯಾವ ಬೀದಿ ಯಾವ ಪಾಲಿಕೆಗೆ ಸೇರುವುದೆಂಬ ಗೆರೆಯನ್ನು ಯಾರಾದರೂ ಎಳೆಯಲೇಬೇಕಾಯಿತಷ್ಟೆ.

ಅಧ್ಯಾಪನ ವೃತ್ತಿಯನ್ನು ಬಯಸುವವರಿಗೆ ಪದವಿಪೂರ್ವ ಕಾಲೇಜಿನ ಉಪನ್ಯಾಸಕ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ ನೂರಕ್ಕೆ 55 ಅಂಕಗಳೂ ಬಿ.ಎಡ್. ಪದವಿಯೂ ಬೇಕು, ಪದವಿ ಕಾಲೇಜಿಗಾದರೆ ನೆಟ್ ಅಥವಾ ಕೆ-ಸೆಟ್ ಪರೀಕ್ಷೆ. ಐ.ಎ.ಎಸ್. ಕನಸಿರುವ ಮನೆಗಳಿಗೆ ತಿಳಿದೇ ಇರುವ ಸಂಗತಿಯೆಂದರೆ, ಮುಖ್ಯ ಪರೀಕ್ಷೆಯಲ್ಲಿ ಭೂಗೋಳವನ್ನು ಐಚ್ಛಿಕ ವಿಷಯವಾಗಿ ಆರಿಸಿದರೆ ಎರಡು ಪತ್ರಿಕೆಗಳಿಂದ 500 ಅಂಕ. ಆದರೆ ಈ ಪರೀಕ್ಷೆಯೊಂದನ್ನೇ ನೆಚ್ಚಿ ಭೂಗೋಳಕ್ಕೆ ಬರುವವರು ಭೂಗೋಳವನ್ನು ಪ್ರೀತಿಸುವುದು ಅಪರೂಪ.

ಪ್ರೀತಿಯುಂಟೋ ಇಲ್ಲವೋ ಎಂದು ಮೊದಲೇ ಪರೀಕ್ಷಿಸಿಕೊಳ್ಳಲು ದಕ್ಷಿಣ ಬೆಂಗಳೂರಿಗಿಂತ ಅನುಕೂಲವಾದ ಜಾಗ ಬೇರೆ ಬೇಕಿಲ್ಲ. ಲಾಲ್‌ಬಾಗಿನ ಬಂಡೆಯ ಮೇಲೆ ಕುಳಿತು ಕಡಲೆಕಾಯಿ ತಿನ್ನುವವರು ಸುಮಾರು ಮುನ್ನೂರು ಕೋಟಿ ವರ್ಷದ ಶಿಲೆಯ ಮೇಲೆ ಕುಳಿತಿರುತ್ತಾರೆ. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದೆ. ಬಸವನಗುಡಿಯ ದೊಡ್ಡ ಬಸವಣ್ಣನ ಬಳಿ ಹುಟ್ಟುವಳೆಂದು ಪ್ರತೀತಿಯಿರುವ ವೃಷಭಾವತಿಯು ಪಶ್ಚಿಮಕ್ಕೆ ಹರಿದು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರಿದರೆ, ಮಡಿವಾಳ ಕೆರೆಯ ನೀರು ಅಗರ, ಬೆಳ್ಳಂದೂರುಗಳ ಮೂಲಕ ಪೂರ್ವಕ್ಕೆ ಹೋಗಿ ದಕ್ಷಿಣ ಪಿನಾಕಿನಿಯನ್ನು ಕೂಡುತ್ತದೆ. ಒಂದೇ ಸಂಜೆಯ ಮಳೆ ಎರಡು ನದಿಗಳಿಗೆ ಹಂಚಿಹೋಗುವ ದಿಣ್ಣೆಯ ಮೇಲೆ ಈ ಬಡಾವಣೆಗಳು ನಿಂತಿವೆ. ಬಿ.ಟಿ.ಎಂ. ಎಂಬ ಮೂರಕ್ಷರಗಳಲ್ಲಿ ಭೈರಸಂದ್ರ, ತಾವರೆಕೆರೆ, ಮಡಿವಾಳಗಳೆಂಬ ಮೂರು ಹಳ್ಳಿಗಳು ಅಡಗಿವೆ. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರದಲ್ಲಿ ಬೀದಿಗಳು ನೇರವಾಗಿರುವುದೇಕೆ, ಹಳೆಯ ಸಾರಕ್ಕಿಯಲ್ಲಿ ವಕ್ರವಾಗಿರುವುದೇಕೆ ಎಂದು ಒಂದು ಭಾನುವಾರ ನಡೆದುನೋಡಿದ ಹುಡುಗಿಗೆ ಬೇಸರ ಬಂದರೆ ವಾಣಿಜ್ಯ ವಿಭಾಗದ ಅರ್ಜಿಗೆ ಇನ್ನೂ ಅವಕಾಶವಿರುತ್ತದೆ.

ಬೇಸರ ಬಾರದವಳು, ಪಿ.ಯು.ಸಿ. ಅರ್ಜಿ ತುಂಬುವ ಮುನ್ನವೇ, ತಂದೆಯನ್ನು ಕರೆದುಕೊಂಡು ಒಮ್ಮೆ ಜ್ಞಾನಭಾರತಿಗೆ ಹೋಗಿಬರಲಿ. ಜಯನಗರದ ನಿಲ್ದಾಣದಲ್ಲಿ ಹಸಿರು ಮೆಟ್ರೊ ಹತ್ತಿ ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ವಿಶ್ವವಿದ್ಯಾಲಯದ ಹೆಸರಿನ ನಿಲ್ದಾಣವೇ ಇದೆ. ಭೂಗೋಳ ವಿಭಾಗದಲ್ಲಿ ಈ ವರ್ಷದ ಎಂ.ಎ., ಎಂ.ಎಸ್‌ಸಿ. ಪ್ರವೇಶದ ಅರ್ಹತೆಯನ್ನು ಕೇಳಿ ಬರೆದುಕೊಂಡು, ಅಲ್ಲಿ ಓದುತ್ತಿರುವ ಇಬ್ಬರು ಮೂವರನ್ನು ತಾವು ಯಾವ ಪದವಿ ಕಾಲೇಜಿನಿಂದ, ಯಾವ ವಿಷಯಗಳ ಗುಂಪಿನಿಂದ ಬಂದಿರೆಂದು ವಿಚಾರಿಸಿದರೆ, ಮನೆಗೆ ಮರಳುವಷ್ಟರಲ್ಲಿ ಸೇರಬಹುದಾದ ಕಾಲೇಜುಗಳ ಪಟ್ಟಿ ಆಕೆಯ ಕೈಯಲ್ಲಿರುತ್ತದೆ.